ನಡುಗೆರೆ ದಾಟಿದ ಮೇಲೆ

ಮೊನ್ನೆ ಮಧ್ಯಾಹ್ನ ಊಟದ ಬಿಡುವಿನಲ್ಲಿ ನಮ್ಮ ಒಂಬತ್ತನೆಯ ತರಗತಿಯ ಹುಡುಗಿಯರು ಅಮೆರಿಕದ ಬಾಸ್ಕೆಟ್‌ಬಾಲ್ ಆಟಗಾರ್ತಿ ಕೇಟ್ಲಿನ್ ಕ್ಲಾರ್ಕಳನ್ನು ಹೊಗಳುತ್ತಾ ಕುಳಿತಿದ್ದರು. ಅವಳ ಯಾವುದೋ ಪಂದ್ಯದ ಮಾತು ಬಂತು.

"ಎಷ್ಟು ಪಾಯಿಂಟು ಮಾಡಿದಳು?" ಎಂದು ಕೇಳಿದೆ.

"ಹತ್ತೊಂಬತ್ತು ಸರ್."

"ಅಷ್ಟೆಯಾ?"

"ಪಾಯಿಂಟು ಮಾತ್ರ ನೋಡುವುದಲ್ಲ ಸರ್, ಉಳಿದ ಕಾಲಮ್ಮುಗಳನ್ನೂ ನೋಡಬೇಕು!"

ಪಾಠ ಹೇಳುವವನಿಗೇ ಪಾಠವಾಯಿತು. ನೋಡಿದೆ. ಅದು 2024ರ ಜುಲೈ 6ರ ಪಂದ್ಯ. ಎದುರಾಳಿ ನ್ಯೂಯಾರ್ಕ್ ತಂಡ. ಕ್ಲಾರ್ಕ್ ಗಳಿಸಿದ್ದು 19 ಪಾಯಿಂಟು. ಬುಟ್ಟಿಗೆ ಬೀಳದೆ ಚಿಮ್ಮಿದ ಚೆಂಡನ್ನು ಹಿಡಿದದ್ದು 12 ಸಲ. ಅವಳು ಒದಗಿಸಿದ ಚೆಂಡನ್ನು ಜೊತೆಗಾತಿಯರು ಬುಟ್ಟಿಗೆ ಹಾಕಿದ್ದು 13 ಸಲ. ಮೂರೂ ಕಾಲಮ್ಮಿನಲ್ಲಿ ಎರಡಂಕಿ ಬಂದರೆ ಅದಕ್ಕೆ 'ಟ್ರಿಪಲ್ ಡಬಲ್' ಎನ್ನುತ್ತಾರೆ. ಆ ದೇಶದ ಮಹಿಳಾ ವೃತ್ತಿಪರ ಲೀಗಿನಲ್ಲಿ ಮೊದಲ ವರ್ಷದ ಆಟಗಾರ್ತಿಯೊಬ್ಬಳು ಈ ಸಾಧನೆ ಮಾಡಿದ್ದು ಅದೇ ಮೊದಲು.

ಆ ಮೂರನೆಯ ಕಾಲಮ್ಮಿನಲ್ಲಿ ನಮ್ಮ ವಿಜ್ಞಾನವೂ ಉಂಟು. ಓಡುತ್ತಿರುವ ಗೆಳತಿ ಈಗ ಎಲ್ಲಿದ್ದಾಳೋ ಅಲ್ಲಿಗೆ ಎಸೆದರೆ ಚೆಂಡು ಅವಳ ಬೆನ್ನ ಹಿಂದೆ ಹೋಗುತ್ತದೆ. ಇನ್ನೊಂದು ಕ್ಷಣಕ್ಕೆ ಅವಳು ಎಲ್ಲಿಗೆ ತಲುಪುತ್ತಾಳೋ ಅಲ್ಲಿಗೆ ಎಸೆಯಬೇಕು. ವೇಗ, ಕಾಲ, ದೂರಗಳ ಈ ಲೆಕ್ಕವನ್ನು ಕಾಗದ ಪೆನ್ಸಿಲ್ ಇಲ್ಲದೆ, ಓಡುತ್ತಲೇ ಮಾಡಬೇಕು!

ಇಂಥ ಆಟ ನೋಡಲು ಅಮೆರಿಕಕ್ಕೇ ಹೋಗಬೇಕೆಂದೇನೂ ಇಲ್ಲ. ಮೂಡುಬಿದಿರೆಯಿಂದ ಹೊರಟು ಕಾರ್ಕಳ ದಾಟಿದರೆ ಹೆರ್ಮುಂಡೆ. ಕಬಡ್ಡಿಯ ಮಮತಾ ಪೂಜಾರಿ ಆ ಊರಿನವರು. 2010 ಮತ್ತು 2014ರ ಏಷ್ಯನ್ ಕ್ರೀಡಾಕೂಟಗಳಲ್ಲಿ ಚಿನ್ನ ಗೆದ್ದ ಭಾರತ ತಂಡದಲ್ಲಿ ಅವರಿದ್ದರು. 2012ರಲ್ಲಿ ಪಟ್ನಾದಲ್ಲಿ ನಡೆದ ಮೊದಲ ಮಹಿಳಾ ವಿಶ್ವಕಪ್ಪನ್ನು ಭಾರತ ಗೆದ್ದಾಗ ನಾಯಕಿ ಅವರೇ. 2014ರಲ್ಲಿ ಅರ್ಜುನ ಪ್ರಶಸ್ತಿ ಬಂತು. 2016ರಲ್ಲಿ ಮಹಿಳೆಯರಿಗಾಗಿ ಮೂರು ತಂಡಗಳ ವೃತ್ತಿಪರ ಕಬಡ್ಡಿ ನಡೆದಾಗ ಒಂದು ತಂಡಕ್ಕೆ ಮಮತಾ, ಇನ್ನೊಂದಕ್ಕೆ ಬೆಂಗಳೂರಿನ ತೇಜಸ್ವಿನಿ ಬಾಯಿ ನಾಯಕಿಯರು. ಫೈನಲಿನಲ್ಲಿ ಈ ಇಬ್ಬರ ತಂಡಗಳೇ ಎದುರಾಗಿ, ತೇಜಸ್ವಿನಿಯವರ ತಂಡ ಒಂದೇ ಅಂಕದಿಂದ ಗೆದ್ದಿತು.

ಕಬಡ್ಡಿಯಲ್ಲಿ ಒಂದು ಚಂದ ಉಂಟು. ರೈಡಿಗೆ ಹೋಗಿ ಬಂದವಳು ಮರುಕ್ಷಣವೇ ಜೊತೆಗಾತಿಯ ಕೈಹಿಡಿದು ಎದುರಾಳಿಯನ್ನು ಕಟ್ಟಿಹಾಕಲು ನಿಲ್ಲಬೇಕು. ಅರ್ಧ ಆಟ ಆಡಿ ಸುಮ್ಮನಿರುವ ಹಾಗಿಲ್ಲ.

ಹುಡುಗಿಯರ ಬಾಸ್ಕೆಟ್‌ಬಾಲ್ ಮೊದಲು ಹೀಗಿರಲಿಲ್ಲ. ಜೇಮ್ಸ್ ನೈಸ್ಮಿತ್ ಎಂಬ ಮೇಷ್ಟ್ರು 1891ರಲ್ಲಿ ಈ ಆಟವನ್ನು ಹುಟ್ಟುಹಾಕಿದರು. ಮರುವರ್ಷವೇ ಸೆಂಡಾ ಬೆರೆನ್ಸನ್ ಎಂಬ ಶಿಕ್ಷಕಿ ಅದನ್ನು ತಮ್ಮ ಕಾಲೇಜಿನ ಹುಡುಗಿಯರಿಗೆ ಕಲಿಸಿದರು. ಆದರೆ ಹುಡುಗಿಯರಿಗೆ ಆಯಾಸವಾದೀತೆಂಬ ಭಯ ಆ ಕಾಲದ್ದು. ಅಂಕಣವನ್ನು ಮೂರು ಪಾಲು ಮಾಡಿ, ಅವರವರ ಪಾಲು ಬಿಟ್ಟು ಯಾರೂ ಹೋಗಬಾರದೆಂದು ಗೆರೆ ಎಳೆದರು. ಅಯೋವಾ ಎಂಬ ರಾಜ್ಯದ ಪ್ರೌಢಶಾಲೆಗಳಲ್ಲಿ ಇಂಥದೊಂದು ಗೆರೆ 1993ರವರೆಗೂ ಇತ್ತು. ತಂಡಕ್ಕೆ ಆರು ಜನ. ಮೂವರು ಬುಟ್ಟಿಗೆ ಎಸೆಯುವವರು, ಮೂವರು ತಡೆಯುವವರು. ತಡೆಯುವವಳು ನಡುಗೆರೆ ದಾಟುವಂತಿಲ್ಲ, ಎಷ್ಟು ಚೆನ್ನಾಗಿ ಆಡಿದರೂ ಒಂದೇ ಒಂದು ಪಾಯಿಂಟು ಗಳಿಸುವಂತಿಲ್ಲ.

ಕ್ಲಾರ್ಕ್ ಹುಟ್ಟಿದ್ದು ಅದೇ ಅಯೋವಾದಲ್ಲಿ, 2002ರಲ್ಲಿ. ಗೆರೆ ಅಳಿಸಿ ಒಂಬತ್ತು ವರ್ಷವಾಗಿತ್ತು. ಅವಳ ಪ್ರತಿಭೆ ದೊಡ್ಡದು, ನಿಜ. ಆದರೆ ಗೆರೆ ಹಾಗೆಯೇ ಇದ್ದಿದ್ದರೆ ಶಾಲೆಯಲ್ಲಿ ಆ ಪ್ರತಿಭೆಯ ಅರ್ಧವೇ ಕಾಣುತ್ತಿತ್ತು.

ಹೆತ್ತವರೇ, ಇಂಥ ಗೆರೆ ಎಳೆದವರಲ್ಲಿ ನಾನೂ ಒಬ್ಬ. ಹಲವು ವರ್ಷಗಳ ಹಿಂದೆ ಹತ್ತನೆಯ ತರಗತಿಯ ಹುಡುಗಿಯೊಬ್ಬಳು ಕಬಡ್ಡಿಯಲ್ಲಿ ಜಿಲ್ಲಾ ಮಟ್ಟಕ್ಕೆ ಆಯ್ಕೆಯಾದಳು. ಅವಳ ತಂದೆ ಬಂದು, "ಏನು ಮಾಡುವುದು ಮಾಷ್ಟ್ರೇ?" ಎಂದು ಕೇಳಿದರು. "ಎಸ್ಸೆಸ್ಸೆಲ್ಸಿ ಮುಗಿಯಲಿ, ಆಟ ಎಲ್ಲಿಗೂ ಹೋಗುವುದಿಲ್ಲ" ಎಂದುಬಿಟ್ಟೆ. ಹುಡುಗಿಗೆ ಒಳ್ಳೆಯ ಅಂಕವೇ ಬಂತು. ಆಟ ಎಲ್ಲಿಗೂ ಹೋಗಲಿಲ್ಲ. ಅವಳು ಮಾತ್ರ ಮತ್ತೆ ಆಡಲಿಲ್ಲ.

ಕಳೆದ ಮಳೆಗಾಲದಲ್ಲಿ ಬಿ.ಸಿ.ರೋಡಿನ ಬಸ್ ನಿಲ್ದಾಣದಲ್ಲಿ ಅವಳು ಸಿಕ್ಕಿದಳು. ಕ್ಷೇಮ ಸಮಾಚಾರ ಎಲ್ಲ ಆದ ಮೇಲೆ, "ಶಾಲೆಯಲ್ಲಿ ಈಗಲೂ ಹುಡುಗಿಯರ ಕಬಡ್ಡಿ ಉಂಟಾ ಸರ್?" ಎಂದು ಕೇಳಿದಳು. "ಉಂಟು" ಎಂದೆ. ಬೇರೆ ಮಾತು ಹೊಳೆಯಲಿಲ್ಲ.

ಓದು ಬೇಡವೆಂದು ನಾನು ಹೇಳುತ್ತಿಲ್ಲ. ಹೇಳಿದರೆ ನನ್ನ ಕೆಲಸಕ್ಕೇ ಸಂಚಕಾರ! ಆದರೆ ಮಕ್ಕಳ ಅಂಕಪಟ್ಟಿಯಲ್ಲಿ ನಾವು ನೋಡುವುದು ಒಂದೇ ಕಾಲಮ್ಮು. ಬಿದ್ದ ಚೆಂಡನ್ನು ಎತ್ತಿಕೊಳ್ಳುವುದು, ಗೆಳತಿಗೆ ಒದಗಿಸಿ ಅವಳನ್ನು ಗೆಲ್ಲಿಸುವುದು, ಸೋತ ಮೇಲೂ ಕೈಹಿಡಿದು ನಿಲ್ಲುವುದು, ಇವು ಆ ಕಾಲಮ್ಮಿನಲ್ಲಿ ಕಾಣುವುದಿಲ್ಲ. ಮುಂದಿನ ಬಾರಿ ಮಗಳ ಶಾಲೆಯಲ್ಲಿ ಪಂದ್ಯವಿದ್ದರೆ ಅರ್ಧ ದಿನ ರಜೆ ಹಾಕಿ ಬನ್ನಿ. ಎಷ್ಟು ಪಾಯಿಂಟು ಎಂದು ಕೇಳುವ ಮೊದಲು ಉಳಿದದ್ದನ್ನು ಲೆಕ್ಕ ಹಾಕಿ ನೋಡಿ. ಲೆಕ್ಕ ತಪ್ಪಿದರೆ ಪಕ್ಕದಲ್ಲಿ ಕುಳಿತ ಒಂಬತ್ತನೆಯ ತರಗತಿಯ ಹುಡುಗಿಯರು ಸರಿಪಡಿಸುತ್ತಾರೆ. ನನಗೆ ಸರಿಪಡಿಸಿದವರೂ ಅವರೇ.