ರಂಗಗೀತೆಗೆ ಅದರ ನಾಟಕ ಬೇಕು

ಮೈಸೂರು ರಂಗಾಯಣಕ್ಕಾಗಿ ಸಿ. ಬಸವಲಿಂಗಯ್ಯ 2010ರಲ್ಲಿ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯನ್ನು ಬಯಲಿಗೆ ತಂದರು. ನಾಲ್ಕು ರಂಗಗಳು, ಒಂಬತ್ತು ಗಂಟೆ, ಹಂಸಲೇಖ ಸಂಗೀತ. ಪ್ರೇಕ್ಷಕರು ರಾತ್ರಿಯಿಡೀ ಕಥೆಯ ಬೆನ್ನು ಹತ್ತಿ ನಡೆದರು. ಎದ್ದು ಓಡಾಡಿ ನಾಟಕದೊಳಗೇ ಸೇರಿಹೋಗಲು ಕನ್ನಡಿಗರು ಸಿದ್ಧರಿದ್ದಾರೆ ಎನ್ನಲು ಇನ್ನೇನು ಸಾಕ್ಷಿ ಬೇಕು?

ಆದರೆ ಕಂಪನಿ ನಾಟಕಗಳ ಸಂಗೀತಕ್ಕೆ ಈ ಭಾಗ್ಯ ಸಿಕ್ಕಿಲ್ಲ. ರಂಗಗೀತೆಗಳ ಸಂಜೆ ಎಂದರೆ ನಿರೂಪಕರ ಎರಡು ಮಾತು, ಮೈಕ್ ಮುಂದೆ ಒಂದು ಹಾಡು, ಚಪ್ಪಾಳೆ, ಮತ್ತೊಂದು ಹಾಡು. ಹಾಡುವವರು ಪ್ರೀತಿಯಿಂದಲೇ ಹಾಡುತ್ತಾರೆ. ಆದರೆ ಆ ಹಾಡಿಗೆ ಕಾರಣವಾದ ಪಾತ್ರ, ಜಗಳ, ವಿರಹ ಯಾವುದೂ ನಮ್ಮೆದುರು ಇರುವುದಿಲ್ಲ.

ಆ ಸಂಗೀತದ ಗುಣವೆಲ್ಲ ಹುಟ್ಟಿದ್ದೇ ನಾಟಕದ ಅಗತ್ಯದಿಂದ. 1884ರಲ್ಲಿ ಗುಬ್ಬಿಯಲ್ಲಿ ನಾಟಕ ಕಂಪನಿ ಶುರುವಾದಾಗ ಮೈಕ್ ಇರಲಿಲ್ಲ. ಕೊನೆಯ ಸಾಲಿಗೂ ಕೇಳಬೇಕೆಂದೇ ನಟರು ಎತ್ತರದ ಶ್ರುತಿಯಲ್ಲಿ ಹಾಡಿದರು. ಕಾಲಿನಿಂದ ಗಾಳಿ ಒತ್ತುವ ಹಾರ್ಮೋನಿಯಂ ಮೇಷ್ಟ್ರ ಎರಡೂ ಕೈಗಳನ್ನು ಸ್ವರಕ್ಕೆ ಬಿಟ್ಟುಕೊಟ್ಟಿತು. ಪಾರ್ಸಿ ಮಟ್ಟು, ಮರಾಠಿ ನಾಟ್ಯಗೀತೆಯ ವರಸೆಗಳು ಇಲ್ಲಿನ ರಾಗಗಳೊಂದಿಗೆ ಬೆರೆತವು. ಜನ ‘ಒನ್ಸ್ ಮೋರ್’ ಎಂದು ಕೂಗಿದರೆ ಸಾಯುವ ಪಾತ್ರವೂ ಸಾವನ್ನು ತಡೆದು ಹಾಡಬೇಕಿತ್ತು. ನಾಟಕ ಎಷ್ಟು ಹೊತ್ತಿಗೆ ಮುಗಿಯಬೇಕೆಂಬುದರಲ್ಲಿ ಪ್ರೇಕ್ಷಕರಿಗೂ ಪಾಲಿತ್ತು.

ಹಾಗಾಗಿ ನನ್ನ ಒತ್ತಾಯ ಇಷ್ಟೇ: ಹಾಡುಗಳನ್ನು ಆಯ್ದು ಮಾಲೆ ಕಟ್ಟುವುದು ಸಾಕು, ಇಡೀ ನಾಟಕವನ್ನೇ ಕಟ್ಟೋಣ. ಟೆಂಟ್ ಹಾಕಿ, ಹಾರ್ಮೋನಿಯಂ ಮತ್ತು ತಬಲಾವನ್ನು ರಂಗದ ಮುಂದೆ ಜನರ ಮಗ್ಗುಲಲ್ಲೇ ಕೂರಿಸೋಣ. ಮೈಕ್ ಬೇಡ, ಧ್ವನಿಮುದ್ರಿತ ಹಿನ್ನೆಲೆಯೂ ಬೇಡ. ನಾಂದಿಗೆ ಮುಂಚೆ ಪ್ರೇಕ್ಷಕರು ಬಣ್ಣದ ಮನೆಯನ್ನು ಹಾದು ಬರಲಿ. ಒನ್ಸ್ ಮೋರ್ ಕೇಳುವ ಹಕ್ಕು ಅವರಿಗೆ ಮರಳಿ ಸಿಗಲಿ.

ಇದು ವಸ್ತುಸಂಗ್ರಹಾಲಯದ ಕೆಲಸ ಎಂಬ ಆಕ್ಷೇಪ ಬರಬಹುದು. ಗಾಜಿನೊಳಗಿಟ್ಟ ವಸ್ತುವನ್ನು ಯಾರೂ ಮತ್ತೊಮ್ಮೆ ಹಾಡಿಸಲಾರರು. ಇಲ್ಲಿ ಪ್ರತಿ ಪ್ರದರ್ಶನವೂ ಅಂದಿನ ಜನರನ್ನು ನೋಡಿ ಬದಲಾಗುತ್ತದೆ.

ಮೊದಲ ಹೆಜ್ಜೆ ಧಾರವಾಡ ರಂಗಾಯಣ ಇಡಲಿ. ಏಣಗಿ ಬಾಳಪ್ಪನವರಂಥ ನಟ-ಗಾಯಕರು ದುಡಿದ ಸೀಮೆ ಅದು. ಹಳೆಯ ಹಾಡುಗಳನ್ನು ಮುದ್ರಿಸಿಟ್ಟುಕೊಂಡರೆ ಸಾಲದು. ಹಾಡುತ್ತಲೇ ನಟಿಸುವುದು ಮೈಗೂಡಬೇಕಾದ ವಿದ್ಯೆ. ಅದನ್ನು ಬಲ್ಲ ಹಿರಿಯರು ನಮ್ಮ ನಡುವೆ ಇನ್ನೂ ಇದ್ದಾರೆ. ಅವರ ಎದುರು ಯುವ ನಟರನ್ನು ಈ ವರ್ಷವೇ ಕೂರಿಸಬೇಕು.