ಅಳುವುದಕ್ಕೂ ಒಂದು ನುಡಿ ಬೇಕು

ಹೊರನಾಡಿನಲ್ಲಿ ನೆಲೆಸಿದ ನಾವು ಸಂಘ ಕಟ್ಟಿದ್ದೇವೆ, ನಾಟಕವಾಡಿದ್ದೇವೆ, ರಾಜ್ಯೋತ್ಸವಕ್ಕೆ ಚಂದಾ ಎತ್ತಿದ್ದೇವೆ. ಆದರೆ ಮನಸ್ಸು ಕುಸಿದ ಕನ್ನಡಿಗರು ಯಾರೊಡನೆ ಬಾಯಿಬಿಡಬೇಕು ಎಂಬ ಪ್ರಶ್ನೆ ನಮ್ಮ ಸಭೆಗಳಲ್ಲಿ ಏಳುವುದು ಅಪರೂಪ.

ಮಾತಿನ ಚಿಕಿತ್ಸೆ ಎಂದರೆ ಉಪದೇಶವಲ್ಲ. ತರಬೇತಿ ಪಡೆದವರು ತೀರ್ಪು ನೀಡದೆ ಕೇಳುತ್ತಾರೆ. ಹೇಳುತ್ತ ಹೇಳುತ್ತ ನಮ್ಮ ದುಃಖದ ಬೇರು ನಮಗೇ ಗೋಚರಿಸತೊಡಗುತ್ತದೆ. ಇಲ್ಲಿ ನುಡಿಯೇ ಮದ್ದು. 1880ರ ದಶಕದ ಆರಂಭದಲ್ಲಿ ವಿಯೆನ್ನಾದ ವೈದ್ಯ ಜೋಸೆಫ್ ಬ್ರಾಯರ್ ಅವರ ರೋಗಿ ಬರ್ಥಾ ಪಾಪೆನ್‌ಹೈಮ್‌ಗೆ ಕೆಲಕಾಲ ತಾಯ್ನುಡಿಯಾದ ಜರ್ಮನ್ನೇ ಬಾಯಿಗೆ ಬರದಾಯಿತು. ಈ ಚಿಕಿತ್ಸೆಗೆ ‘ಟಾಕಿಂಗ್ ಕ್ಯೂರ್’ ಎಂದು ಆಕೆ ಹೆಸರಿಟ್ಟದ್ದು ಇಂಗ್ಲಿಷಿನಲ್ಲಿ. ನೋವಿಗೂ ನುಡಿಗೂ ಇರುವ ನಂಟು ಅಷ್ಟು ಹಳೆಯದು.

ಗಂಡನನ್ನು ಕಳೆದುಕೊಂಡು ಮಗನ ಮನೆ ಸೇರಿ ಪುಣೆಗೆ ಬಂದ ತಾಯಿಯನ್ನು ನೆನೆಯಿರಿ. ತರಕಾರಿ ಕೊಳ್ಳಲು ಸಾಲುವ ಮರಾಠಿ ಅಳುವುದಕ್ಕೆ ಸಾಲದು. ‘ಕರುಳು ಕಿವುಚಿದಂತಾಗುತ್ತದೆ’ ಎಂಬುದನ್ನು ಆಕೆ ಅನುವಾದಿಸಿ ಹೇಳಬೇಕೆ?

2022ರ ಅಕ್ಟೋಬರ್ 10ರಂದು ಆರಂಭವಾದ ಕೇಂದ್ರ ಸರ್ಕಾರದ ‘ಟೆಲಿ ಮಾನಸ್’ ಉಚಿತ ದೂರವಾಣಿ 14416ರಲ್ಲಿ ಭಾಷೆಯನ್ನು ಆರಿಸಿಕೊಳ್ಳಬಹುದು, ಕನ್ನಡವೂ ಅವುಗಳಲ್ಲೊಂದು. ಬೆಂಗಳೂರಿನ ನಿಮ್ಹಾನ್ಸ್ ಅದರ ರಾಷ್ಟ್ರೀಯ ಕೇಂದ್ರ.

ಸಂಘಗಳು ಈ ಸಂಖ್ಯೆಯನ್ನು ಪ್ರತಿ ಸಂಚಿಕೆಯಲ್ಲೂ ಅಚ್ಚು ಮಾಡಲಿ. ತಮ್ಮ ನಗರದ ಕನ್ನಡ ಬಲ್ಲ ಆಪ್ತಸಮಾಲೋಚಕರ ಪಟ್ಟಿ ಸಿದ್ಧಪಡಿಸಲಿ. ಕೇಳುವ ಕೆಲಸವನ್ನು ಮಾತ್ರ ಪದಾಧಿಕಾರಿಗಳು ವಹಿಸಿಕೊಳ್ಳಬಾರದೆಂಬುದು ನನ್ನ ಖಚಿತ ನಿಲುವು. ಎಲ್ಲರೂ ಎಲ್ಲರನ್ನೂ ಬಲ್ಲ ಸಣ್ಣ ಸಮುದಾಯ ನಮ್ಮದು; ಗುಟ್ಟು ಉಳಿಯದ ಕಡೆ ಮನಸ್ಸು ತೆರೆಯದು.