ಕುದುರೆಮುಖ ಒಂದು ಅಡಿ ಜಾಸ್ತಿ, ನಂಗೆ ಒಂದು ಮಾರ್ಕು ಖೋತಾ

ಮೊನ್ನೆ ಶನಿವಾರ ಆಫೀಸಿನವರೆಲ್ಲ ಸೇರಿ ಮುಳ್ಳಯ್ಯನಗಿರಿಗೆ ಹೋಗಿದ್ವಿ. ಮೇಲೆ ದೇವಸ್ಥಾನದ ಹತ್ರ ಕೂತು ಮಂಡಕ್ಕಿ ತಿನ್ನುವಾಗ ಜಗಳ ಶುರುವಾಯ್ತು. ಎಲ್ಲರೂ ಓದಿಕೊಂಡು ಬಂದಿದ್ದು 1,930 ಮೀಟರ್. ಗೆಳೆಯನ ಫೋನಿನ ಜಿಪಿಎಸ್ ಆಪ್ ತೋರಿಸಿದ್ದು 1,840ರ ಆಸುಪಾಸು. "ಗುಡ್ಡ ಕುಸಿದಿದೆ ಮಗಾ" ಅಂದ.

ಗುಡ್ಡ ಅಲ್ಲೇ ಇದೆ ಸ್ವಾಮಿ! ಜಿಪಿಎಸ್ ಭೂಮಿಯನ್ನು ನುಣ್ಣಗಿನ, ಸ್ವಲ್ಪ ಚಪ್ಪಟೆಯಾದ ಚೆಂಡು ಅಂದುಕೊಂಡು ಎತ್ತರ ಲೆಕ್ಕ ಹಾಕುತ್ತೆ. ನಿಜವಾದ ಸಮುದ್ರ ಮಟ್ಟ ಗುರುತ್ವ ಎಳೆದ ಹಾಗೆ ಏರುತ್ತೆ, ಇಳಿಯುತ್ತೆ. ನಮ್ಮ ಕಡೆ ಅದು ಆ ಚೆಂಡಿನ ಮೈಗಿಂತ 80 ಮೀಟರಿಗೂ ಹೆಚ್ಚು ಕೆಳಗಿದೆ. ಆಪ್ ಇದನ್ನ ಸರಿಪಡಿಸದಿದ್ರೆ ನಮ್ಮ ಬೆಟ್ಟಗಳೆಲ್ಲ ಗಿಡ್ಡ.

ಆಗ ನೆನಪಾಗಿದ್ದು ಹೈಸ್ಕೂಲಿನ ಕ್ವಿಜ್. ರಾಜ್ಯದ ಎರಡನೇ ಅತಿ ಎತ್ತರದ ಶಿಖರ ಯಾವುದು ಅಂತ ಕೇಳಿದ್ರು. ಬಾಬಾಬುಡನ್‌ಗಿರಿ ಅಂದೆ. ತಪ್ಪು, ಕುದುರೆಮುಖ ಅಂದ್ರು. ಆ ಒಂದು ಮಾರ್ಕಿನಲ್ಲಿ ಫೈನಲ್ ತಪ್ಪಿಹೋಯ್ತು. ಸಿಟ್ಟು ಇನ್ನೂ ಇದೆ, ಒಪ್ಕೋತೀನಿ. ಬ್ರಿಟಿಷರ ಕಾಲದ ಗೆಜೆಟಿಯರ್‌ನಲ್ಲಿ ಕುದುರೆಮುಖ 6,215 ಅಡಿ, ಬಾಬಾಬುಡನ್‌ಗಿರಿ 6,214. ಒಂದು ಮೊಳವೂ ಇಲ್ಲ ವ್ಯತ್ಯಾಸ!

ಅಷ್ಟು ನಿಖರವಾಗಿ ಆಗ ಅಳೆಯೋಕೆ ಆಗ್ತಿತ್ತಾ? 1802ರಲ್ಲಿ ಮದ್ರಾಸಿನಲ್ಲಿ ಲ್ಯಾಂಬ್ಟನ್ ಶುರು ಮಾಡಿದ ತ್ರಿಕೋನ ಸರ್ವೆಯ ದಾರಿ ಗೊತ್ತಲ್ಲ. ದೂರದಲ್ಲಿ ಥಿಯೋಡೊಲೈಟ್ ಇಟ್ಟು ಶಿಖರ ಎಷ್ಟು ಕೋನದಲ್ಲಿ ಕಾಣುತ್ತೆ ಅಂತ ನೋಡೋದು. ದೂರ ಗೊತ್ತಿದ್ರೆ ಉಳಿದದ್ದು ಟ್ಯಾನ್ ಥೀಟಾ. ಆದ್ರೆ ಗಾಳಿ ಬೆಳಕನ್ನ ಬಗ್ಗಿಸುತ್ತೆ, ಅದೂ ಬೆಳಿಗ್ಗೆ ಒಂಥರ, ಮಧ್ಯಾಹ್ನ ಒಂಥರ. 30 ಕಿಲೋಮೀಟರ್ ದೂರದಿಂದ ನೋಡುವಾಗ ಕೋನ ಹತ್ತು ಸೆಕೆಂಡ್, ಅಂದ್ರೆ ಒಂದು ಡಿಗ್ರಿಯ 360ನೇ ಒಂದು ಪಾಲು ತಪ್ಪಿದ್ರೂ ಎತ್ತರ ಸುಮಾರು ಐದು ಅಡಿ ತಪ್ಪುತ್ತೆ. ಸಮುದ್ರ ಮಟ್ಟವೂ ಕಲ್ಲಲ್ಲಿ ಕೆತ್ತಿದ ಗೆರೆಯಲ್ಲ, ಸರಾಸರಿ. ನಮ್ಮ ದೇಶದ ಎತ್ತರಗಳಿಗೆ ಆಧಾರವಾಗಿ 1909ರಲ್ಲಿ ಒಂಬತ್ತು ಬಂದರುಗಳ ಸಮುದ್ರ ಮಟ್ಟ ತಗೊಂಡ್ರು. ಅದರಲ್ಲಿ ನಮ್ಮ ಕಾರವಾರವೂ ಒಂದು.

ನಾನು ಕೋಡ್‌ನಲ್ಲಿ ಎರಡು ದಶಮಾಂಶ ಸಂಖ್ಯೆಗಳನ್ನ ನೇರವಾಗಿ ಹೋಲಿಸಿದ್ರೆ ರಿವ್ಯೂನಲ್ಲಿ ಬೈಸ್ಕೋತೀನಿ. ಎಷ್ಟು ವ್ಯತ್ಯಾಸ ಲೆಕ್ಕಕ್ಕಿಲ್ಲ ಅಂತ ಮೊದಲು ಹೇಳಬೇಕು. ಶಿಖರಗಳ ಪಟ್ಟಿ ಮಾಡೋರಿಗೆ ಈ ನಿಯಮ ಯಾಕಿಲ್ಲ? ಎತ್ತರದ ಪಕ್ಕದಲ್ಲಿ ಯಾವಾಗ, ಹೇಗೆ ಅಳೆದದ್ದು, ಎಷ್ಟು ತಪ್ಪಿರಬಹುದು ಅಂತ ಬರೀಲಿ. ಕುದುರೆಮುಖ, ಬಾಬಾಬುಡನ್‌ಗಿರಿ ಎರಡಕ್ಕೂ ಎರಡನೇ ಸ್ಥಾನ ಕೊಡಲಿ, ಓಟದ ಸ್ಪರ್ಧೆಯಲ್ಲಿ ಕೊಡಲ್ವಾ?

ಕ್ವಿಜ್ ಮೇಷ್ಟ್ರೇ, ನೀವು ಇದನ್ನ ಓದ್ತಾ ಇದ್ರೆ, ನಂಗೆ ಅರ್ಧ ಮಾರ್ಕಾದ್ರೂ ಬರಬೇಕು ಸಾರ್.